ಚೀಟಿ ಬಂತು, ಮೂಟೆ ಬರಲಿಲ್ಲ

ತಣ್ಣಗಿನ ಗೋಣಿಚೀಲದ ವಾಸನೆ ಯಶಸ್ವಿನಿಗೆ ಎಳವೆಯಿಂದಲೂ ಗೊತ್ತು. ಬೇಸಿಗೆಯ ಕೊನೆಗೆ ಮೊದಲ ಮಳೆ ಬಿದ್ದು ನೆಲ ಹದವಾದ ಕೂಡಲೇ ಅವಳ ಅಪ್ಪ ನಂಜಯ್ಯ ಬೀಜದ ಆಲೂಗೆಡ್ಡೆ ಬಿಡಿಸಿಕೊಂಡು ಬರಲು ಹಾಸನಕ್ಕೆ ಹೊರಡುತ್ತಿದ್ದ. ಹಟ ಮಾಡಿ ಅವಳೂ ಟ್ರ್ಯಾಕ್ಟರ್ ಹತ್ತುತ್ತಿದ್ದಳು. ಕೋಲ್ಡ್ ಸ್ಟೋರೇಜಿನ ದಪ್ಪ ಬಾಗಿಲು ತೆರೆದರೆ ಒಳಗಿನ ತಂಪು ಬೆಳ್ಳಗೆ ಹೊಗೆಯ ಹಾಗೆ ನೆಲಕ್ಕಿಳಿದು ಬಂದು ಕಾಲು ಸೋಕುತ್ತಿತ್ತು. ಹಿಂದೆಯೇ ಆ ವಾಸನೆ: ಒದ್ದೆ ಸೆಣಬು, ಒಣಗಿದ ಮಣ್ಣು, ಅದರಡಿಯಲ್ಲೆಲ್ಲೋ ಮೊಳಕೆಯೊಡೆಯಲು ಕಾದಿರುವ ಗೆಡ್ಡೆಯ ಸಣ್ಣ ಸಿಹಿ. “ಚೆನ್ನಾಗಿ ಉಸಿರು ಎಳ್ಕೊ ಮಗ, ಇದಕ್ಕೆ ಬಾಡಿಗೆ ಕೇಳಾಕಿಲ್ಲ” ಅಂತ ಅಪ್ಪ ನಗುತ್ತಿದ್ದ.

ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಈಗ ಅಂಥದೇ ಒಂದು ಬಾಗಿಲ ಪಕ್ಕದ ಕೋಣೆಯಲ್ಲಿ, ಅದೇ ವಾಸನೆಯ ನಡುವೆ, ಯಶಸ್ವಿನಿ ಹೊಸ ಕಂಪ್ಯೂಟರಿನ ಮುಂದೆ ಕೂತಿದ್ದಳು. ತಲೆಯಲ್ಲಿ ಅಲ್ಲೊಂದು ಇಲ್ಲೊಂದು ನೆರೆಗೂದಲು. ಬೆನ್ನಿನಲ್ಲಿ ಬೆಳಗ್ಗೆಯೇ ಶುರುವಾದ ನೋವು. ಹಿಂದಿನ ಸಂಜೆ ಸಿಡಿಲು ಬಡಿದು ಹಳೆಯ ಕಂಪ್ಯೂಟರ್ ಸುಟ್ಟುಹೋಗಿತ್ತು; ಮೂಟೆಗಳ ಲೆಕ್ಕ ಇಂಟರ್‌ನೆಟ್ಟಿನಲ್ಲಿದ್ದುದರಿಂದ ಉಳಿದಿತ್ತು. ಅದೇ ಸಿಡಿಲಿನ ಜೊತೆ ಬಂದ ಮಳೆ ಹಾಸನ, ಅರಕಲಗೂಡು, ಹೊಳೆನರಸೀಪುರದ ಹೊಲಗಳನ್ನೆಲ್ಲ ನೆನೆಸಿತ್ತು. ಹಾಗಾಗಿ ಬೆಳಗಾಗುವಷ್ಟರಲ್ಲಿ ಬೀಜದ ಗೆಡ್ಡೆ ಇಟ್ಟವರೆಲ್ಲ ಗೇಟಿನ ಮುಂದೆ ನಿಂತಿದ್ದರು.

ಹಾರ್ಡ್‌ವೇರ್ ಅಂಗಡಿಯ ಮೇಲಿನ ಒಂದೇ ಕೋಣೆಯ ಆಫೀಸು ಯಶಸ್ವಿನಿಯದು. ಅವಳೂ ಅರಕಲಗೂಡು ಕಡೆಯ ಶಶಿಕುಮಾರ್ ಎಂಬ ಹುಡುಗನೂ ಸೇರಿ ಇಂಥ ಗೋದಾಮುಗಳಿಗೆ ಪ್ರೋಗ್ರಾಂ ಬರೆದುಕೊಡುತ್ತಿದ್ದರು. ಇಲ್ಲಿ ಕೆಲಸ ಇಷ್ಟೆ. ರೈತನ ಹೆಸರು ಹೊಡೆದರೆ ಅವನ ಮೂಟೆ ಯಾವ ಕೋಣೆಯಲ್ಲಿ, ಯಾವ ಸಾಲಿನಲ್ಲಿದೆ ಅಂತ ಕನ್ನಡದಲ್ಲಿ ಚೀಟಿ ಬರಬೇಕು. ಚೀಟಿ ನೋಡಿ ಹಮಾಲಿ ನೇರ ಅಲ್ಲಿಗೇ ಹೋಗಿ ಮೂಟೆ ಹೊತ್ತು ತರಬೇಕು. ಹುಡುಕುತ್ತಾ ನಿಲ್ಲುವಂತಿಲ್ಲ. ಬಾಗಿಲು ತೆರೆದೇ ಇದ್ದರೆ ಒಳಗೆ ಸೆಕೆ ಹೊಕ್ಕು ಗೆಡ್ಡೆ ಬೆವರುತ್ತದೆ. ಬೆವರಿದ ಗೆಡ್ಡೆ ಹೊಲ ಸೇರುವ ಮೊದಲೇ ಕೊಳೆಯುತ್ತದೆ.

ಪ್ರೋಗ್ರಾಮಿನ ಪ್ರತಿಯೊಂದು ತಿದ್ದುಪಡಿಯನ್ನೂ ಅವರು ಇಂಟರ್‌ನೆಟ್ಟಿನ ಒಂದು ಕಣಜದಲ್ಲಿ ಇಡುತ್ತಿದ್ದರು. ಅದನ್ನು ರೆಪೊ ಅನ್ನುತ್ತಿದ್ದರು. ಈ ದೊಡ್ಡ ರೆಪೊ ಒಳಗೆ ಇನ್ನೊಂದು ಚಿಕ್ಕ ರೆಪೊ ಇತ್ತು. ಚೀಟಿ ಅಚ್ಚು ಮಾಡುವ ಭಾಗ ಅದರಲ್ಲಿತ್ತು. ಚನ್ನರಾಯಪಟ್ಟಣದ ಕೊಬ್ಬರಿ ಗೋದಾಮಿಗೂ, ಹೊಳೆನರಸೀಪುರದ ಅಕ್ಕಿ ಗಿರಣಿಗೂ ಅದೇ ಭಾಗ ಬೇಕಾಗಿದ್ದರಿಂದ ಅದನ್ನು ಬೇರೆಯಾಗಿಟ್ಟು ಮೂರು ಕಡೆಯೂ ಒಳಗೆ ಕೂರಿಸಿದ್ದರು. ಆದರೆ ಹೊರಗಿನದು ಒಳಗಿನದನ್ನು ನುಂಗಿ ಇಟ್ಟುಕೊಳ್ಳುವುದಿಲ್ಲ. ಒಳಗಿನದರ ಯಾವ ತಿದ್ದುಪಡಿ ತನಗೆ ಬೇಕು ಅನ್ನುವ ಗುರುತನ್ನಷ್ಟೇ ಇಟ್ಟುಕೊಳ್ಳುತ್ತದೆ. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಕಳಿಸಬೇಕು. ಒಂದನ್ನು ಮರೆತರೆ ಮಾಡಿದವನ ಯಂತ್ರದಲ್ಲಿ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಹೊಸ ಯಂತ್ರಕ್ಕೆ ಇಳಿಸಿಕೊಳ್ಳುವಾಗಲೇ ಗೊತ್ತಾಗುವುದು.

ಈಗ ಗೊತ್ತಾಗಿತ್ತು. ಹೊರಗಿನದು ಇಳಿಯಿತು. ಆದರೆ ಅದು ಕೇಳಿದ ಒಳಗಿನದರ ತಿದ್ದುಪಡಿ ಎಲ್ಲೂ ಇಲ್ಲ ಅಂತ ಪರದೆ ಹೇಳಿತು. ಯಶಸ್ವಿನಿ ಮತ್ತೆ ಪ್ರಯತ್ನಿಸಿದಳು, ಪರದೆ ಅದನ್ನೇ ಹೇಳಿತು.

“ನನಗೆ ಅರ್ಥ ಆಗೋ ಹಂಗೆ ಹೇಳಿ ಮೇಡಂ,” ಅಂದ ಮ್ಯಾನೇಜರ್ ಸಿದ್ದೇಶ. ಅಂಗಿ ಆಗಲೇ ಬೆವರಿಗೆ ಅಂಟಿಕೊಂಡಿತ್ತು.

ಅವಳು ಹೇಳಿದಳು. ಅವನು ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡ.

“ಅಂದ್ರೆ ಚೀಟಿ ಬಂದದೆ, ಮೂಟೆ ಬಂದಿಲ್ಲ.”

“ಹೂಂ, ಅದೇ.”

“ಮೂಟೆ ಎಲ್ಲದೆ?”

“ಶಶಿ ಲ್ಯಾಪ್‌ಟಾಪಲ್ಲಿ.”

ಶಶಿಕುಮಾರನ ತಾಯಿ ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡದ್ದು, ಮಲ್ಲಿಪಟ್ಟಣದ ಹತ್ತಿರದ ಅವರ ಊರಿನಲ್ಲಿ ಮೊನ್ನೆಯಷ್ಟೇ ಮಣ್ಣಾದದ್ದು ಸಿದ್ದೇಶನಿಗೂ ಗೊತ್ತಿತ್ತು. ಯಶಸ್ವಿನಿ ಆ ದಿನ ಹೋಗಿ ಮಣ್ಣು ಹಾಕಿ ಬಂದಿದ್ದಳು. ಅಂದಿನಿಂದ ಶಶಿಯ ಫೋನು ಸತ್ತಂತೆ ಬಿದ್ದಿತ್ತು.

ಕೈಲಾದ ಇನ್ನೊಂದು ಉಪಾಯವನ್ನೂ ಅವಳು ನೋಡಿದಳು. ಒಳಗಿನದರ ಹಿಂದಿನ ತಿದ್ದುಪಡಿಯನ್ನು ತೆಗೆದು ಕೂರಿಸಿದಳು. ಚೀಟಿಯೇನೋ ಬಂತು. ಹಿರಿಯ ಹಮಾಲಿ ಲಕ್ಕಯ್ಯ ಅದನ್ನು ಹಿಡಿದು ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಮೀಸೆಯ ಮೇಲೆ ಹನಿ ಕಟ್ಟಿಸಿಕೊಂಡು ಬರಿಗೈಯಲ್ಲಿ ಬಂದ.

“ಇದರಲ್ಲಿ ಬರೆದಿರೋ ಜಾಗ್ದಲ್ಲಿ ಗೋಡೆ ಅದೆ ಕಣವ್ವ. ಗೋಡೆ ಹೊತ್ಕೊಂಡು ಬರಾನಾ?”

ಈ ವರ್ಷ ದೊಡ್ಡ ಕೋಣೆಗೆ ಅಡ್ಡಗೋಡೆ ಹಾಕಿ ಎರಡು ಮಾಡಿದ್ದರು. ಶಶಿ ಮಾಡಿದ ಕಡೆಯ ತಿದ್ದುಪಡಿ ಅದಕ್ಕಾಗಿಯೇ.

ಗೇಟಿನ ಕಡೆಯಿಂದ ಯಾರೋ ಕೂಗಿದರು: “ಏನ್ ಸಾ, ಕಂಪೂಟ್ರು ನಾಷ್ಟಾಕ್ಕೆ ಹೋಗ್ಯದಾ?” ನಾಲ್ಕು ಜನ ನಕ್ಕರು. ನಗುವಿನಲ್ಲಿ ಇನ್ನೂ ಸಿಟ್ಟು ಬೆರೆತಿರಲಿಲ್ಲ. ಆದರೆ ಬಿಸಿಲೇರಿದರೆ ಬೆರೆಯುತ್ತಿತ್ತು.

“ಸಂಜೆ ಮಟ್ಟ ಕಾಯ್ತೀನಿ,” ಸಿದ್ದೇಶ ತಗ್ಗಿದ ದನಿಯಲ್ಲಿ ಹೇಳಿದ. “ಆಮೇಲೆ ನನ್ ಕೈಲಿ ತಡೆಯೋಕಾಗಲ್ಲ. ಬಾಗಿಲು ತೆಗೆಸಿ ಎಲ್ಲಾ ಮೂಟೆನೂ ಅಂಗಳಕ್ಕೆ ಹಾಕಿಸ್ತೀನಿ, ಅವರವರದು ಅವರೇ ಹುಡುಕ್ಕೊಳ್ಳಲಿ.”

ಹಾಗಾದರೆ ಏನಾಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಸಿಕ್ಕವರು ಸಿಕ್ಕಿದ್ದು ಹೊತ್ತುಕೊಂಡು ಹೋಗುತ್ತಾರೆ, ಉಳಿದದ್ದು ಮಳೆಗೆ ನೆನೆಯುತ್ತದೆ. ಒಂದು ವರ್ಷದ ಬೀಜ. ಯಶಸ್ವಿನಿ ಎದ್ದಳು. ಪರದೆಯ ಮೇಲೆ ಒಂದು ಐಕಾನ್ ಕೂರಿಸಿ, “ನಾನು ಫೋನ್ ಮಾಡಿದಾಗ ಇದನ್ನ ಎರಡು ಸಲ ಒತ್ತಿ, ಅಷ್ಟೇ” ಅಂತ ಸಿದ್ದೇಶನಿಗೆ ತೋರಿಸಿದಳು. ಅವನು ಹೊರಗೆ ಹೋಗಿ, ಅವಳ ಹೆಸರೆತ್ತದೆ, “ಸಿಡಿಲು ಹೊಡೆದದೆ ಕಣ್ರಪ್ಪ, ಸಿಡಿಲನ್ನ ಬಯ್ಕೊಳಿ” ಅಂತ ಜನಕ್ಕೆ ಹೇಳುತ್ತಿದ್ದುದು ಕೇಳಿಸಿತು. ಬೇಕಾಗಿದ್ದರೆ ಅವಳ ಕಡೆ ಬೆರಳು ತೋರಿಸಬಹುದಾಗಿತ್ತು.

ಬಸ್‌ಸ್ಟ್ಯಾಂಡಿನ ದಾರಿಯಲ್ಲೇ ಮನೆ. ಕೊಡೆ ತೆಗೆದುಕೊಳ್ಳಲು ಹೊಕ್ಕವಳನ್ನು ತಾಯಿ ಕಮಲಾಕ್ಷಮ್ಮ ನಿಲ್ಲಿಸಿಕೊಂಡಳು.

“ಸಾವಾದ ಮನೆಗೆ ಕೆಲಸ ಕೇಳಕ್ಕೆ ಹೋಗ್ತಿದ್ದೀಯಾ?”

“ಬೇರೆ ದಾರಿ ಇಲ್ಲಮ್ಮ.”

“ದಾರಿ ಇಲ್ಲ ಅಂತ ನನಗೂ ಗೊತ್ತು. ಐದು ನಿಮಿಷ ಕೂತ್ಕೊ.”

ಐದು ನಿಮಿಷ ಅಂದದ್ದು ಅರ್ಧ ಗಂಟೆಯಾಯಿತು. ದೊಡ್ಡ ಕ್ಯಾರಿಯರಿನಲ್ಲಿ ಅನ್ನ, ಬೇಳೆ ಸಾರು, ಮೊಸರು ತುಂಬಿ, ಕೊಂಡಿ ಬಿಗಿದು ತಂದಿಟ್ಟಳು. “ಹಾಲುತುಪ್ಪ ಆಗೋತನಕ ಅವರು ಒಲೆ ಹಚ್ಚಲ್ಲ. ಸಾರಿಗೆ ಒಗ್ಗರಣೆ ಹಾಕಿಲ್ಲ, ಅಂಥಾ ಮನೆಗೆ ಒಗ್ಗರಣೆ ಹಾಕಿದ್ದು ಒಯ್ಯಬಾರದು. ನೆಟ್ಟಗೆ ಹಿಡ್ಕೊ, ಚೆಲ್ಲೀತು.”

ಅರಕಲಗೂಡಿನ ಬಸ್ಸು ತುಂಬಿತ್ತು. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಕ್ಯಾರಿಯರ್ ಹಿಡಿದು ಓಲಾಡುತ್ತಿದ್ದವಳನ್ನು ನೋಡಿದ ಕಂಡಕ್ಟರು ಕ್ಯಾರಿಯರನ್ನು ತೆಗೆದು ತನ್ನ ಸೀಟಿನಲ್ಲಿ ನೆಟ್ಟಗಿಟ್ಟು ತಾನು ನಿಂತೇ ಟಿಕೆಟ್ ಹರಿದ. ಇಳಿಯುವಾಗ “ಬಿಸಿ ಅದೆ, ತಳ ಮುಟ್ಬೇಡಿ” ಅಂದ. ಕಿಟಕಿಯಾಚೆ ಎಲ್ಲ ಹೊಲದಲ್ಲೂ ನೇಗಿಲು, ಟಿಲ್ಲರು. ಕೆಂಪು ಮಣ್ಣು ಮಗುಚಿ ಬಿದ್ದು ಬೀಜಕ್ಕೆ ಕಾಯುತ್ತಿತ್ತು. ಬೇರೆ ದಿನವಾಗಿದ್ದರೆ ಯಶಸ್ವಿನಿ ಅದನ್ನು ನೋಡಿ ಹಿಗ್ಗುತ್ತಿದ್ದಳೇನೋ. ಇಂದು ಕಣ್ಣು ಮುಚ್ಚಿ ಕೂರಲು ಒಂದು ಸೀಟು ಸಿಕ್ಕರೆ ಸಾಕಾಗಿತ್ತು. ಅರಕಲಗೂಡಿನಲ್ಲಿ ಬಸ್ಸು ಬದಲಿಸಿದಳು. ಮಲ್ಲಿಪಟ್ಟಣ ದಾಟಿ, ಕೈಮರದ ಹತ್ತಿರ ಇಳಿದು ನಡೆದಳು.

ಮನೆ ಹತ್ತಿರವಾದಂತೆ ಕ್ಯಾರಿಯರ್ ಭಾರವಾಯಿತು. ಊಟ ಮುಂದಿಟ್ಟು ಕೆಲಸ ಕೇಳಿದರೆ ಏನನ್ನಿಸುತ್ತದೆ? ಊಟ ಕೊಟ್ಟು ಕೆಲಸ ಕೊಂಡ ಹಾಗಲ್ಲವೆ? ಜಗಲಿಯ ತುದಿಯಲ್ಲಿ, ಕಂಬದ ಮರೆಗೆ ಅದನ್ನಿಟ್ಟು ಮೇಲೆ ಕೊಡೆಯನ್ನು ಒರಗಿಸಿ ಅವಳು ಬರಿಗೈಯಲ್ಲಿ ಒಳಗೆ ಹೋದಳು.

ಶಶಿಕುಮಾರ್ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದ. ಗಡ್ಡ ಬೆಳೆದಿತ್ತು, ಹೆಗಲ ಮೇಲೆ ಬಿಳಿ ಟವೆಲ್ಲು. ಎದುರಿಗೆ ಅವನ ತಂದೆ ತಿಮ್ಮಪ್ಪ ಬೀಡಿಯನ್ನು ಹಚ್ಚದೆ ಬೆರಳಲ್ಲಿ ತಿರುಗಿಸುತ್ತಿದ್ದ. ತೀರಿಕೊಂಡವಳ ತಂಗಿ ಅನಸೂಯಮ್ಮ ಮೂಲೆಯಲ್ಲಿ ಉರಿಯುತ್ತಿದ್ದ ದೀಪಕ್ಕೆ ಎಣ್ಣೆ ಹಾಕಿ ಎದ್ದುಬಂದಳು.

“ಬಾರವ್ವ, ಕುಂತ್ಕೊ. ಇಷ್ಟು ದೂರ ಇನ್ನೊಂದ್ಸಲ ಬಂದ್ಯಲ್ಲ.”

ಯಶಸ್ವಿನಿ ಕೂತಳು. ಶಶಿ ಅವಳ ಮುಖವನ್ನೇ ನೋಡುತ್ತಿದ್ದವನು ತಾನಾಗಿ ಕೇಳಿದ:

“ಅಕ್ಕ, ಚೀಟಿ ನಿಂತೋಯ್ತಾ?”

ಅವಳು ಹೌದೆಂದು ತಲೆಯಾಡಿಸಿದಳು. “ಹೊಸ ಕಂಪ್ಯೂಟರ್ ಹಾಕಬೇಕಾಯ್ತು.”

ಅವನು ಹೆಗಲ ಟವೆಲ್ಲನ್ನು ಸರಿಮಾಡಿಕೊಂಡ. “ಹೊರಗಿಂದು ಕಳಿಸ್ದೆ. ಒಳಗಿಂದು ಕಳಿಸೋಣ ಅನ್ನೋ ಅಷ್ಟರಲ್ಲಿ ನರ್ಸು ಕೂಗಿದ್ರು. ಆಮೇಲೆ ನೆನಪೇ ಇಲ್ಲ ಅಕ್ಕ.”

“ಬಿಡೋ. ಯಾರಿಗಾದ್ರೂ ಆಗುತ್ತೆ. ಲ್ಯಾಪ್‌ಟಾಪ್ ಎಲ್ಲಿದೆ?”

ಶಶಿ ಚಿಕ್ಕಮ್ಮನ ಕಡೆ ನೋಡಿದ. ಅನಸೂಯಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು.

“ಆಸ್ಪತ್ರೆ ಬ್ಯಾಗಲ್ಲಿತ್ತಾ? ಅಯ್ಯೋ, ನಾನು ಅದನ್ನೂ ಸೇರಿಸಿ ಗಂಟು ಕಟ್ಬುಟ್ಟೆ ಕಣ್ಲಾ. ಅಕ್ಕನ್ ಸೀರೆ, ಹೊದ್ದಿದ್ ಕಂಬಳಿ, ಫ್ಲಾಸ್ಕು, ಎಲ್ಲಾ ಒಂದೇ ಗಂಟು. ಕೊಟ್ಟಿಗೆ ಅಟ್ಟದ ಮೇಲೆ ಅದೆ.”

ಆ ಮನೆಯ ಪದ್ಧತಿ ಅದು. ಸತ್ತವರ ಜೊತೆ ಕಡೆಗಾಲದಲ್ಲಿ ಇದ್ದದ್ದನ್ನೆಲ್ಲ ಗಂಟು ಕಟ್ಟಿ ಮನೆಯಿಂದ ಆಚೆ ಇಡುತ್ತಾರೆ. ಹಾಲುತುಪ್ಪ ಬಿಡಲು ಮಣ್ಣಿನ ಹತ್ತಿರ ಹೋಗುವಾಗ ಒಯ್ದು ಅಲ್ಲೇ ಬಿಟ್ಟು ಬರುತ್ತಾರೆ. ಹಾಲುತುಪ್ಪ ನಾಳೆಗಿತ್ತು.

“ಕಟ್ಟಿದ್ ಗಂಟು ಬಿಚ್ಚಂಗಿಲ್ಲ,” ಅಂದ ತಿಮ್ಮಪ್ಪ. ದನಿಯಲ್ಲಿ ಗಡಸು ಇರಲಿಲ್ಲ; ಎಲ್ಲರಿಗೂ ಗೊತ್ತಿದ್ದದ್ದನ್ನು ಹೇಳಿದನಷ್ಟೆ.

ಶಶಿ ತಲೆ ಎತ್ತಲಿಲ್ಲ. ಆ ಗಂಟಿನ ವಿಚಾರ ಅವನಿಗೂ ಬೇಡವಾಗಿತ್ತು ಅಂತ ಯಶಸ್ವಿನಿಗೆ ಕಂಡಿತು. ಲ್ಯಾಪ್‌ಟಾಪ್ ಕಾಣದಿದ್ದರೂ ಇವನು ಒಂದು ಸಲವೂ ಎಲ್ಲಿ ಅಂತ ಕೇಳಿರಲಿಲ್ಲ. ಅವಳು ಮಂಡಿಯ ಮೇಲೆ ಕೈಯೂರಿ ಎದ್ದಳು.

“ಬೇಡ ಬಿಡಿ. ಇನ್ನೇನಾದ್ರೂ ನೋಡ್ತೀನಿ.” ಇನ್ನೇನೂ ಇರಲಿಲ್ಲ.

“ಏನು ನಿಂತೋಗಿರೋದು ಅಲ್ಲಿ?” ತಿಮ್ಮಪ್ಪ ಕೇಳಿದ.

“ಬೀಜದ ಗೆಡ್ಡೆ ಅಪ್ಪಾಜಿ. ಯಾರ ಮೂಟೆ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ. ಸಂಜೆ ಎಲ್ಲಾನೂ ಆಚೆಗೆ ಹಾಕ್ತಾರಂತೆ.”

“ಆಚೆಗಾ? ಈ ಮೋಡದಲ್ಲಾ?” ತಿಮ್ಮಪ್ಪ ಬಾಗಿಲಿನಿಂದ ಆಕಾಶ ನೋಡಿದ. ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. ಯಾರನ್ನೂ ನೋಡದೆ ಹೇಳಿದ: “ಅವಳಿದ್ದಿದ್ರೆ ನನಗೇ ಉಗಿಯೋಳು. ಊರೋರ ಬೀಜ ಕೊಳೀತಾ ಬಿದ್ದಿರ್ಲಿ, ನೀನು ಗಂಟು ಕಾಯ್ಕೊಂಡು ಕುಂತ್ಕೊ ಅನ್ನೋಳು. ಅನಸೂಯ, ಬಿಚ್ಚವ್ವ.”

“ನಾನೇ ಕಟ್ಟಿದ್ದು, ನಾನೇ ಬಿಚ್ತೀನಿ. ಪಾಪ ಬಂದ್ರೆ ನನಗೇ ಬರ್ಲಿ,” ಅಂತ ಅನಸೂಯಮ್ಮ ಕೊಟ್ಟಿಗೆಗೆ ಹೋದಳು. ಮೂವರೂ ಹಿಂದೆ ಹೋದರು.

ಕಂಬಳಿಯ ಗಂಟೊಳಗೆ ಸೀರೆಯ ಗಂಟು, ಅದರೊಳಗೆ ಬ್ಯಾಗು. ಅನಸೂಯಮ್ಮ ಒಂದೊಂದನ್ನೇ ಹುಲ್ಲಿನ ಮೇಲೆ ಇಟ್ಟಳು. ಬಾಚಣಿಗೆ. ಅರ್ಧ ಉಳಿದ ಬಿಸ್ಕತ್ತಿನ ಪೊಟ್ಟಣ. ಎಲೆಯಡಿಕೆ ಚೀಲ. ಫ್ಲಾಸ್ಕಿನ ಮುಚ್ಚಳ ಸಡಿಲವಾಗಿ ಬ್ಯಾಗಿನ ತಳವೆಲ್ಲ ಒದ್ದೆಯಾಗಿತ್ತು. ಯಶಸ್ವಿನಿ ಮುಂದೆ ಬಾಗಿ ನೋಡಿದಳು. ಲ್ಯಾಪ್‌ಟಾಪ್ ಮೇಲೆ ಬಂತು. ಅದಕ್ಕೆ ದಪ್ಪ ಟವೆಲ್ಲು ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ, ಕವರಿನ ಬಾಯಿಗೆ ತಲೆಗೂದಲಿಗೆ ಹಾಕುವ ಕಪ್ಪು ರಬ್ಬರ್ ಬ್ಯಾಂಡು ಬಿಗಿದಿತ್ತು.

“ಇದು ನಾನ್ ಸುತ್ತಿದ್ದಲ್ಲ,” ಅಂದಳು ಅನಸೂಯಮ್ಮ.

“ಅವ್ವಂದು ಆ ಬ್ಯಾಂಡು,” ಅಂದ ಶಶಿ. ನಿಂತಲ್ಲೇ ಕೂತುಬಿಟ್ಟ. “ನಾನು ಔಷಧಿ ತರಕ್ಕೆ ಕೆಳಗೆ ಹೋಗಿದ್ದೆ. ಆಗ ಮಾಡವ್ಳೆ. ಡ್ರಿಪ್ ಹಾಕಿದ್ ಕೈಲೇ ಮಾಡವ್ಳೆ ಅಕ್ಕ.”

ಒಂದು ಹಸು ಕೊರಳು ಚಾಚಿ ಅವನ ಟವೆಲ್ಲಿನ ಅಂಚನ್ನು ನೆಕ್ಕಿತು. ಅವನು ಅದನ್ನು ದೂಡಲಿಲ್ಲ. ಬ್ಯಾಂಡನ್ನು ನಿಧಾನಕ್ಕೆ ಬಿಡಿಸಿ ತನ್ನ ಮಣಿಕಟ್ಟಿಗೆ ಹಾಕಿಕೊಂಡ. ಟವೆಲ್ಲಿನ ಹೊರಸುತ್ತು ಒದ್ದೆಯಾಗಿತ್ತು, ಒಳಸುತ್ತು ಒಣಗಿತ್ತು.

ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಯಶಸ್ವಿನಿ ತನ್ನ ಫೋನಿನಿಂದ ಇಂಟರ್‌ನೆಟ್ ಕೊಟ್ಟಳು. ಲ್ಯಾಪ್‌ಟಾಪಿನಲ್ಲಿ ಚಾರ್ಜು ಸ್ವಲ್ಪವೇ ಉಳಿದಿತ್ತು. ಶಶಿ ಒಳಗಿನ ರೆಪೊ ತೆರೆದ. ಒಂದು ತಿದ್ದುಪಡಿ ಇನ್ನೂ ಹೋಗಿಲ್ಲ ಅಂತ ಅದು ತೋರಿಸಿತು. ಪಕ್ಕದಲ್ಲಿ ಅವನೇ ಬರೆದಿದ್ದ ಟಿಪ್ಪಣಿ: ಹೊಸ ಗೋಡೆಯ ಆಚೆ ಈಚೆ. ಅವನ ಬೆರಳು ಕೀಲಿಯ ಮೇಲೆ ಒಂದು ಕ್ಷಣ ನಿಂತಿತು.

“ಇದನ್ನ ಬರೀವಾಗ ಅವ್ವ ಮಾತಾಡ್ತಿದ್ಲು ಅಕ್ಕ. ಯಾವ ಗೋಡೆ ಕಣ್ಲಾ ಅಂತ ಕೇಳಿದ್ಲು.”

“ಹೇಳಿದ್ಯಾ?”

“ಹೇಳ್ದೆ.”

ಒತ್ತಿದ. ಸಾಲುಗಳು ಸರಸರನೆ ಮೇಲೆ ಸರಿದು ನಿಂತವು. ಹೋಯಿತು.

ಕಟ್ಟೆಯ ಕೆಳಗೆ ನಿಂತಿದ್ದ ತಿಮ್ಮಪ್ಪ ಅವರಿಬ್ಬರನ್ನೂ ನೋಡಿದ. “ಆಯ್ತಾ? ಇದೊಂದು ಗುಂಡಿ ಒತ್ತಕ್ಕೇನವ್ವ ನೀನು ಹಾಸನದಿಂದ ಬಂದಿದ್ದು?”

“ಹೂಂ ಅಪ್ಪಾಜಿ, ಇದೊಂದು ಗುಂಡಿಗೆ.”

“ನಮ್ ಕಸುಬೇ ವಾಸಿ,” ಅಂದ ತಿಮ್ಮಪ್ಪ. ಮಣ್ಣಾದ ದಿನದಿಂದ ಇದೇ ಮೊದಲ ಸಲ ಅವನ ಮುಖದ ಗೆರೆ ಸ್ವಲ್ಪ ಸಡಿಲವಾಯಿತು.

ಯಶಸ್ವಿನಿ ಸಿದ್ದೇಶನಿಗೆ ಫೋನು ಮಾಡಿದಳು. ಒತ್ತಿ ಅಂದಳು. ಒತ್ತಿದೆ ಅಂದ. ಆ ಕಡೆ ಗದ್ದಲ, ಬೈಗುಳ, ಯಾರೋ ಕೆಮ್ಮಿದ್ದು. ಆಮೇಲೆ ಪ್ರಿಂಟರಿನ ಕರಕರ ಸದ್ದು ಅವಳ ಕಿವಿಗೂ ಬಿತ್ತು. “ಇರಿ ಮೇಡಂ, ಲಕ್ಕಯ್ಯ ಒಳಗೋಗವ್ನೆ.” ಕಾದರು. “ಬಂದ! ಮೂಟೆ ಹೊತ್ಕೊಂಡೇ ಬಂದ!” ಸಿದ್ದೇಶ ಕೂಗಿದ. “ಆ ಹುಡುಗನಿಗೆ ಹೇಳಿ ಮೇಡಂ...” ಅಂದವನು ಅಷ್ಟಕ್ಕೇ ಫೋನು ಇಟ್ಟುಬಿಟ್ಟ.

ಲ್ಯಾಪ್‌ಟಾಪ್ ಆರುವ ಮೊದಲು ಶಶಿ ಇನ್ನೊಂದು ಸಾಲು ಬರೆದ. ಒಳಗಿನದು ಹೋಗದೆ ಹೊರಗಿನದನ್ನು ಕಳಿಸಲು ಹೋದರೆ ಯಂತ್ರವೇ ತಡೆಯಲಿ ಅನ್ನುವ ಏರ್ಪಾಡು ಅದು. “ನಿಮ್ಮದರಲ್ಲೂ ಹಾಕ್ಕೊಳಿ ಅಕ್ಕ,” ಅಂದ. ಪರದೆ ಕಪ್ಪಾಯಿತು. ಲ್ಯಾಪ್‌ಟಾಪನ್ನು ಮಡಚಿ ಮತ್ತೆ ಅದೇ ಟವೆಲ್ಲಿನಲ್ಲಿ ಸುತ್ತಿದ. ಅದು ಗಂಟಿಗೆ ವಾಪಸ್ಸು ಹೋಗಬೇಕೆಂದು ಯಾರೂ ಅನ್ನಲಿಲ್ಲ.

ಹೊತ್ತು ಇಳಿಮುಖವಾಗಿತ್ತು. ಯಶಸ್ವಿನಿಗೆ ಗೆದ್ದೆ ಅನ್ನಿಸಲಿಲ್ಲ, ಮುಗಿಯಿತು ಅನ್ನಿಸಿತು. ಮನೆಗೆ ಬಂದಾಗ ತಿಮ್ಮಪ್ಪ ಚೊಂಬಿನ ನೀರನ್ನು ಒಂದೇ ಗುಕ್ಕಿಗೆ ಕುಡಿದ. ಶಶಿಯೂ ಕುಡಿದ. ಕುಡಿದ ರೀತಿ ಅವಳ ಕಣ್ಣಿಗೆ ಬಿತ್ತು. ಅಂಥ ಮನೆಯಲ್ಲಿ ಊಟವಾಯಿತೇ ಅಂತ ಕೇಳುವಂತಿಲ್ಲ. ಅವಳು ಅನಸೂಯಮ್ಮನ ಕಡೆ ನೋಡಿದಳಷ್ಟೆ. ಅನಸೂಯಮ್ಮ ಅವಳ ಹಿಂದೆಯೇ ಜಗಲಿಗೆ ಬಂದು ದನಿ ತಗ್ಗಿಸಿದಳು.

“ನಮ್ ಬೀದೀಲಿ ದಿನಕ್ಕೊಂದು ಮನೆಯೋರು ಮಾಡಿ ತಂದ್ಕೊಡ್ತಾರವ್ವ. ಇವತ್ತು ದ್ಯಾವಯ್ಯನ್ ಮನೆ ಸರದಿ. ಬೀಜದ ಗೆಡ್ಡೆ ಬಿಡಿಸ್ಕೊಂಡು ಹತ್ತು ಗಂಟೆಗೆಲ್ಲಾ ಬಂದು ಅಡುಗೆ ಮಾಡ್ತೀವಿ ಅಂತ ಗಂಡ ಹೆಂಡ್ತಿ ಇಬ್ರೂ ಮುಂಜಾನೆನೇ ಹಾಸನಕ್ಕೋದ್ರು. ಅಲ್ಲೂ ಏನೋ ಕೆಟ್ಟೋಗ್ಯದಂತೆ, ಇನ್ನೂ ನಿಂತೇ ಅವ್ರಂತೆ. ಅವರ ಸರದಿ ಅಂತ ಬೇರೆ ಯಾರೂ ಮಾಡ್ಲಿಲ್ಲ. ಕೇಳಕ್ಕೂ ನಾಚ್ಕೆ. ಬೆಳಗ್ಗಿಂದ ಅಪ್ಪ ಮಗ ಇಬ್ರೂ ಅಂಗೇ ಕುಂತವ್ರೆ.”

ಯಶಸ್ವಿನಿ ಕಂಬಕ್ಕೆ ಕೈ ಕೊಟ್ಟು ನಿಂತಳು. ಅದೂ ಇದೇ ಚೀಟಿ ಅನ್ನುವ ಮಾತು ನಾಲಗೆಯವರೆಗೂ ಬಂತು. ಹೇಳಿ ಯಾರಿಗೇನು ಆಗಬೇಕಿತ್ತು? ಬಾಗಿಲ ಒಳಗೆ ಶಶಿ ಮತ್ತೆ ಚಾಪೆಯ ಮೇಲೆ ಕೂತು ಮಣಿಕಟ್ಟಿನ ಬ್ಯಾಂಡನ್ನು ತಿರುಗಿಸುತ್ತಿದ್ದ.

ಸಾವಿನ ಮನೆಯಿಂದ ಹೊರಡುವಾಗ ಬರುತ್ತೇನೆ ಅನ್ನುವಂತಿಲ್ಲ. ಅವಳು ಕೊಡೆಯನ್ನು ಎತ್ತಿಕೊಂಡಳು. ಕಂಬದ ಮರೆಯಲ್ಲಿದ್ದ ಕ್ಯಾರಿಯರನ್ನು ಎರಡೂ ಕೈಯಲ್ಲಿ ತೆಗೆದು, ನೆಟ್ಟಗೆ ಹಿಡಿದು, ಅನಸೂಯಮ್ಮನ ಕೈಗಿಟ್ಟಳು. ತಳ ಇನ್ನೂ ಬೆಚ್ಚಗಿತ್ತು. ಯಶಸ್ವಿನಿ ಅಂಗಳಕ್ಕಿಳಿದು, ತಿರುಗಿ ನೋಡದೆ, ಬಸ್ಸಿನ ದಾರಿ ಹಿಡಿದಳು.